ಓದುಗರ ಪ್ರಶ್ನೆಗಳು: ಸಲಿಂಗ ಸಂಬಂಧ ಮತ್ತು ಒಂದೇ ಮನೆಯ ಮೂರು ತಲೆಮಾರು

ಸಲಿಂಗ ಸಂಬಂಧದ ಕುರಿತು ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಕೆಲವು ವರ್ಷಗಳಿಂದ ಬದಲಾಗಿದೆ. ಮೊದಲೆಲ್ಲ ಹೆಸರೂ ಊರೂ ಇಲ್ಲದೆ, ‘ನನಗೆ ಹೀಗಾಗುತ್ತಿದೆ, ಇದು ಕಾಯಿಲೆಯೇ?’ ಎಂದು ಎರಡು ಸಾಲಿನಲ್ಲಿ ಕೇಳುತ್ತಿದ್ದವರು ತರುಣರೇ. ಈಗ ತಾಯಂದಿರು ಬರೆಯುತ್ತಾರೆ, ತಂಗಿಯರು ಬರೆಯುತ್ತಾರೆ, ನಿವೃತ್ತರಾಗಿ ಮೊಮ್ಮಕ್ಕಳೊಡನೆ ವಾದಕ್ಕಿಳಿದವರೂ ಬರೆಯುತ್ತಾರೆ. ಅವುಗಳಲ್ಲಿ ಐದನ್ನು ಆಯ್ದು, ಬರೆದವರ ಗುರುತು ಸಿಗದಂತೆ ಮೊಟಕುಗೊಳಿಸಿ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ ಈಗ 71 ವರ್ಷ. ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದು ನಿವೃತ್ತನಾಗಿದ್ದೇನೆ. ನಮ್ಮ ಕಾಲದಲ್ಲಿ ಗಂಡಸು ಗಂಡಸನ್ನೇ, ಹೆಂಗಸು ಹೆಂಗಸನ್ನೇ ಪ್ರೀತಿಸಿ ಒಟ್ಟಿಗೆ ಬಾಳುತ್ತೇವೆನ್ನುವುದು ಇರಲಿಲ್ಲ. ಇದು ಹೊರದೇಶದಿಂದ ಬಂದದ್ದು ಎಂದು ನಾನು ಊಟಕ್ಕೆ ಕುಳಿತಾಗ ಹೇಳಿದ್ದಕ್ಕೆ, ಪಿಯುಸಿ ಓದುವ ಮೊಮ್ಮಗಳು ‘ಅಜ್ಜಾ, ನಿಮಗ ಗೊತ್ತಿಲ್ಲ ಬಿಡ್ರಿ’ ಎಂದು ತಾಟು ಬಿಟ್ಟು ಎದ್ದು ಹೋದಳು. ಈಗಿನ ಮಕ್ಕಳಿಗೆ ಎಲ್ಲವೂ ಸರಿ ಎಂದೇ ಕಾಣುವುದೇಕೆ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಗುರುಗಳೇ, ಮೊಮ್ಮಗಳು ತಾಟು ಬಿಟ್ಟು ಏಳಬಾರದಿತ್ತು, ಆ ಮಟ್ಟಿಗೆ ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ವಾದದ ವಿಷಯದಲ್ಲಿ ಆಕೆಯ ಕಡೆಗೇ ನಾನು ಹೆಚ್ಚು ವಾಲುತ್ತೇನೆ.

ಹೊರದೇಶದಿಂದ ಬಂದದ್ದು ಯಾವುದು ಎಂಬುದನ್ನು ಮೊದಲು ನೋಡೋಣ. ಸಲಿಂಗ ಸಂಬಂಧವನ್ನು ಅಪರಾಧವೆಂದು ಸಾರಿದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಮೂಲ ಮೆಕಾಲೆಯ ನೇತೃತ್ವದ ಆಯೋಗ ಸಿದ್ಧಪಡಿಸಿದ ಕರಡಿನಲ್ಲಿದೆ. ಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಂದು ಜಾರಿಗೆ ಬಂತು, ಮತ್ತು ಆ ಕಲಮಿನ ಪ್ರಕಾರ ಜೀವಾವಧಿಯವರೆಗೂ ಶಿಕ್ಷೆ ವಿಧಿಸಲು ಅವಕಾಶವಿತ್ತು. ಅದನ್ನು ನಮ್ಮ ಮೇಲೆ ಹೇರಿದ ಇಂಗ್ಲೆಂಡ್ ತನ್ನ ನೆಲದಲ್ಲಿ 1967ರಲ್ಲೇ ಇಂಥ ಕಾನೂನನ್ನು ಸಡಿಲಿಸಿತು. ನಾವು ಮಾತ್ರ 2018ರವರೆಗೂ ಇಟ್ಟುಕೊಂಡಿದ್ದೆವು. ಅಂದರೆ ನಿಮ್ಮ ಬಾಲ್ಯ, ಓದು, ನೌಕರಿ, ನಿವೃತ್ತಿ ಎಲ್ಲವೂ ಆ ಕಲಮು ಜಾರಿಯಲ್ಲಿದ್ದಾಗಲೇ ನಡೆದವು. ಸಿಕ್ಕಿಬಿದ್ದರೆ ಜೈಲು, ಗೊತ್ತಾದರೆ ಊರು ಬಿಡಬೇಕು ಎಂಬ ಸ್ಥಿತಿಯಲ್ಲಿ ನಿಮ್ಮ ಓರಗೆಯವರು ಯಾರು ತಾನೇ ಬಾಯಿಬಿಟ್ಟು ಹೇಳಿಯಾರು? ಮನೆಯವರ ಬಲವಂತಕ್ಕೆ ಮದುವೆಯಾಗಿ ಹೆಂಡತಿಯೊಡನೆ ಅಪರಿಚಿತರಂತೆ ಬಾಳಿದವರು, ಎಷ್ಟು ಸಂಬಂಧ ಬಂದರೂ ಒಲ್ಲೆನೆಂದು ಅಣ್ಣನ ಮನೆಯ ಹೊರಕೋಣೆಯಲ್ಲೇ ಜೀವ ಸವೆಸಿದವರು ನಿಮ್ಮ ಓಣಿಯಲ್ಲೂ ಇದ್ದಿರಬಹುದು. ಅವರಲ್ಲಿ ಪ್ರತಿಯೊಬ್ಬರೂ ಸಲಿಂಗ ಪ್ರೇಮಿಗಳೆಂದು ಹೇಳಲು ಬರುವುದಿಲ್ಲ; ಒಬ್ಬರೂ ಅಲ್ಲವೆಂದು ಹೇಳಲಂತೂ ಬರುವುದೇ ಇಲ್ಲ.

ನಿಮ್ಮ ತಲೆಮಾರಿಗೆ ಇಂಥ ವಿಷಯದಲ್ಲಿ ಮನಸ್ಸೇ ಇರಲಿಲ್ಲ ಎನ್ನುವ ಕೆಲವು ತರುಣರ ಮಾತನ್ನೂ ನಾನು ಒಪ್ಪುವುದಿಲ್ಲ. ನಿಮ್ಮ ಊರಿಗೆ ಹತ್ತಿರದ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಬರುವ ಜೋಗಪ್ಪಂದಿರನ್ನು ನೀವು ನೋಡಿರುತ್ತೀರಿ. ಗಂಡಾಗಿ ಹುಟ್ಟಿ, ದೇವಿಯ ಸೇವೆಗೆಂದು ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು ಚೌಡಿಕೆ ನುಡಿಸುತ್ತ ಪದ ಹಾಡುವ ಅವರಿಗೆ ನಿಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳು ಜೋಳವನ್ನೋ ಅಕ್ಕಿಯನ್ನೋ ಮೊರದಲ್ಲಿ ತಂದು ಕೊಟ್ಟು ಕೈಮುಗಿದದ್ದೂ ನೆನಪಿರಬಹುದು. ಆ ಪರಂಪರೆಯಿಂದಲೇ ಬಂದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಜೋಗಪ್ಪಂದಿರದು ತಾವು ಗಂಡೋ ಹೆಣ್ಣೋ ಎಂಬ ಒಳಗಿನ ಅರಿವಿನ ವಿಷಯ. ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವವನದು ಬೇರೆ. ಎರಡನ್ನೂ ಒಂದೇ ಎಂದು ಹೇಳುತ್ತಿಲ್ಲ. ಆದರೂ ಎಲ್ಲರ ಹಾಗಿಲ್ಲದವರಿಗೆ ದೇವರ ಹೆಸರಿನಲ್ಲಿ ಗುಡಿಯ ಅಂಗಳದಲ್ಲಿ ಜಾಗವಿತ್ತು, ಮನೆಯ ಪಡಸಾಲೆಯಲ್ಲಿ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಈಗಿನ ಮಕ್ಕಳು ಕೇಳುತ್ತಿರುವುದು ಪಡಸಾಲೆಯಲ್ಲಿ ಜಾಗ. ಜಗಳ ಅಲ್ಲಿಂದ ಶುರುವಾಗುತ್ತದೆ.

‘ಈಗಿನ ಮಕ್ಕಳಿಗೆ’ ಎಂದು ಬರೆದಿದ್ದೀರಿ. ಬದಲಾದವರು ಮಕ್ಕಳು ಮಾತ್ರವೇ? ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳಲ್ಲಿ, ಸಲಿಂಗ ಸಂಬಂಧವನ್ನು ಸಮಾಜ ಒಪ್ಪಬೇಕು ಎಂದ ಭಾರತೀಯರು 2014ರಲ್ಲಿ ಶೇ 15ರಷ್ಟಿದ್ದರೆ 2019ರಲ್ಲಿ ಶೇ 37ರಷ್ಟಿದ್ದರು. 2023ರ ಸಮೀಕ್ಷೆಯಲ್ಲಿ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಲಿ ಎಂದವರು ಶೇ 53. ಕೊನೆಯ ಸಮೀಕ್ಷೆಯ ಪ್ರಶ್ನೆಯೇ ಬೇರೆಯಾದ್ದರಿಂದ ಅದನ್ನು ಹಿಂದಿನವುಗಳ ಪಕ್ಕದಲ್ಲಿಟ್ಟು ಅಳೆಯುವುದು ತರವಲ್ಲ. ಮೊದಲ ಎರಡನ್ನೇ ನೋಡಿದರೂ ಐದು ವರ್ಷಗಳಲ್ಲಿ ಪ್ರಮಾಣ ದುಪ್ಪಟ್ಟಿಗಿಂತ ಹೆಚ್ಚಾಗಿದೆ. ಐದು ವರ್ಷಗಳಲ್ಲಿ ಒಂದು ತಲೆಮಾರು ಹೋಗಿ ಇನ್ನೊಂದು ಬರುವುದಿಲ್ಲ. ಹಿಂದೆ ಬೇಡವೆಂದಿದ್ದವರಲ್ಲೇ ಅನೇಕರು, ನಡುವಯಸ್ಸಿನವರೂ ಹಿರಿಯರೂ ಸೇರಿದಂತೆ, ಮನಸ್ಸು ಬದಲಿಸದೆ ಈ ಏರಿಕೆ ಸಾಧ್ಯವೇ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಮೊಮ್ಮಗಳಿಗೆ ನೀವೇ ಹೇಳಿ, ಆಕೆಗೆ ತಿಳಿದಿರಲಿಕ್ಕಿಲ್ಲ. 377ನೇ ಕಲಮು ಬೀಳಲು ದಾರಿ ಮಾಡಿಕೊಟ್ಟ ತೀರ್ಪುಗಳಲ್ಲಿ ಮುಖ್ಯವಾದದ್ದು, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ನೀಡಿದ ತೀರ್ಪು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 1926ರಲ್ಲಿ ಹುಟ್ಟಿದ ಅವರು 2012ರಲ್ಲಿ ಅರ್ಜಿ ಹಾಕಿದಾಗ ಎಂಬತ್ತು ದಾಟಿದ್ದರು. ಅವರ ತಕರಾರು ಇದ್ದದ್ದು ಆಧಾರ್ ಕುರಿತು, ಸಲಿಂಗ ಸಂಬಂಧದ ಮಾತೇ ಅದರಲ್ಲಿರಲಿಲ್ಲ. ಆದರೆ ತೀರ್ಪು ಬರೆಯುವಾಗ ನ್ಯಾಯಾಲಯ, ಯಾರ ಕಡೆಗೆ ಒಲವು ಎಂಬುದೂ ಖಾಸಗಿತನದ ಅಗತ್ಯ ಭಾಗವೆಂದು ಸ್ಪಷ್ಟವಾಗಿ ಹೇಳಿತು. ಮರುವರ್ಷ ಭರತನಾಟ್ಯ ಕಲಾವಿದ ನವತೇಜ್ ಸಿಂಗ್ ಜೋಹರ್ ಮತ್ತಿತರರ ಮೊಕದ್ದಮೆ ಬಂದಾಗ ಅರ್ಧ ಕೆಲಸ ಆಗಲೇ ಮುಗಿದಿತ್ತು.

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನವರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ 28 ವರ್ಷದ ಮಗನಿಗೆ ಹುಡುಗಿ ನೋಡಲು ಶುರುಮಾಡಿದ್ದೆವು. ಯುಗಾದಿಗೆ ಬಂದವನು ರಾತ್ರಿ ಅಡುಗೆಮನೆಯಲ್ಲಿ ನನ್ನ ಜೊತೆ ಪಾತ್ರೆ ಒರೆಸಿಡುತ್ತ, ತಾನು ಗೇ, ಹುಡುಗಿಯ ಜೊತೆ ಮದುವೆ ತನ್ನಿಂದಾಗದು ಎಂದ. ಯಜಮಾನರಿಗೂ ಅವನೇ ಹೇಳಿದ. ಅಂದಿನಿಂದ ಅವರು ಅವನೊಡನೆ ಮಾತು ಬಿಟ್ಟಿದ್ದಾರೆ. ರಾತ್ರಿ ಅವನ ಫೋನ್ ಬಂದರೆ ಎದ್ದು ಜಗುಲಿಗೆ ಹೋಗುತ್ತಾರೆ. ನಾನು ಫೋನ್ ಇಟ್ಟ ಮೇಲೆ ಒಳಗೆ ಬಂದು ‘ಊಟ ಆಯ್ತಂತಾ?’ ಎಂದು ಕೇಳುತ್ತಾರೆ. ವೈದ್ಯರೊಬ್ಬರು ಇದನ್ನು ಗುಣಪಡಿಸುತ್ತಾರೆ ಎಂದು ನಮ್ಮ ನೆಂಟರು ಹೇಳುತ್ತಿದ್ದಾರೆ. ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. 82 ವರ್ಷದ ಅತ್ತೆಯವರು ದಿನವೂ ಮೊಮ್ಮಗನ ಮದುವೆಯನ್ನೇ ಕೇಳುತ್ತಾರೆ. ನಾವು ಬೆಳೆಸಿದ್ದರಲ್ಲಿ ಏನಾದರೂ ತಪ್ಪಾಯಿತೇ?
— ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ನೀವು ಬೆಳೆಸಿದ್ದರಲ್ಲಿ ಯಾವ ತಪ್ಪೂ ಇಲ್ಲ. ಇಂಥ ಒಲವು ತಂದೆ-ತಾಯಿ ಕಲಿಸಿ ಬರುವಂಥದ್ದಲ್ಲ, ಬೆಂಗಳೂರಿನ ಗಾಳಿ ಸೋಕಿ ಬರುವಂಥದ್ದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಿಂದ ಇದನ್ನು 1990ರಲ್ಲೇ ಕೈಬಿಟ್ಟಿದೆ, ಇದು ರೋಗವಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಬಹಿರಂಗವಾಗಿ ಹೇಳಿದೆ. ರೋಗವೇ ಇಲ್ಲದಿರುವಾಗ ಗುಣಪಡಿಸುತ್ತೇನೆ ಎನ್ನುವವರು ನಿಮ್ಮ ಹಣಕ್ಕೂ ಮಗನ ಮನಸ್ಸಿಗೂ ಒಟ್ಟಿಗೆ ಕೈಹಾಕುತ್ತಾರೆ. ಅಂಥ ‘ಪರಿವರ್ತನಾ ಚಿಕಿತ್ಸೆ’ ನೀಡುವುದು ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಘೋಷಿಸಿದೆ. ಯಾವುದೇ ವೈದ್ಯರು ಮುಂದಾದರೆ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ನೆಂಟರು ಮತ್ತೆ ಆ ಮಾತೆತ್ತಿದರೆ ಇಷ್ಟನ್ನೇ ಹೇಳಿ ಸುಮ್ಮನಾಗಿ.

ಆಯೋಗ ಹೀಗೆ ಘೋಷಿಸಿದ್ದರ ಹಿಂದೆ ಮದ್ರಾಸ್ ಹೈಕೋರ್ಟಿನ ಒಂದು ಪ್ರಕರಣವಿದೆ. ಮದುರೆಯ ಇಬ್ಬರು ಯುವತಿಯರು ಒಟ್ಟಿಗೆ ಬಾಳಲೆಂದು ಚೆನ್ನೈಗೆ ಹೋದರು, ಮಕ್ಕಳು ಕಾಣೆಯಾಗಿದ್ದಾರೆಂದು ಹೆತ್ತವರು ಪೊಲೀಸರಿಗೆ ದೂರಿತ್ತರು. ಯುವತಿಯರು ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಬಂದಾಗ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ಈ ವಿಷಯದಲ್ಲಿ ತಮಗೇ ಪೂರ್ವಗ್ರಹಗಳಿವೆ ಎಂದು ಬಹಿರಂಗವಾಗಿ ಒಪ್ಪಿಕೊಂಡು, ತೀರ್ಪು ಬರೆಯುವ ಮುನ್ನ ತಾವೇ ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಕುಳಿತು ಕೇಳಿ ತಿಳಿದುಕೊಂಡರು. 2021ರ ಜೂನ್‌ನಲ್ಲಿ ಅವರು ನೀಡಿದ ಆದೇಶದಲ್ಲಿ ಇಂಥ ಚಿಕಿತ್ಸೆಯ ಯತ್ನಗಳನ್ನು ನಿಷೇಧಿಸುವ ನಿರ್ದೇಶನವಿತ್ತು. ನಿಮ್ಮ ಯಜಮಾನರಿಗೆ ಉಪದೇಶಕ್ಕಿಂತ ಈ ಪ್ರಸಂಗವೇ ಹೆಚ್ಚು ಹಿಡಿಸೀತು ಎಂದು ನನ್ನ ಎಣಿಕೆ. ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ನನಗೆ ಗೊತ್ತಿಲ್ಲ ಎನ್ನಬಹುದಾದರೆ ಹಾಸನದ ತಂದೆಯೊಬ್ಬರು ಹಾಗೆನ್ನುವುದರಲ್ಲಿ ಯಾವ ಕುಂದೂ ಇಲ್ಲ.

ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆಯ ಬಗ್ಗೆ ನಾನು ಮೆತ್ತಗೆ ಮಾತನಾಡಲಾರೆ. ಜಾತಕ ಕೂಡಿಬಂದಿತೆಂದು ಯಾರದೋ ಮನೆಯ ಹುಡುಗಿಯನ್ನು ತಂದು, ಗಂಡ ತನ್ನನ್ನೇಕೆ ಮುಟ್ಟುವುದಿಲ್ಲ ಎಂದು ಆಕೆ ತನ್ನಲ್ಲೇ ಕೊರತೆ ಹುಡುಕುತ್ತ ವರ್ಷಗಟ್ಟಲೆ ಅಳುವಂತೆ ಮಾಡುವುದು ವಂಚನೆ. ಸತ್ಯ ಮುಚ್ಚಿಟ್ಟು ಮಾಡಿದ ಅಂಥ ಮದುವೆಗಳು ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತುತ್ತವೆ, ಆಗ ವಿಷಯ ಇಡೀ ಊರಿಗೆ ತಿಳಿಯುತ್ತದೆ. ಯಾವ ಮರ್ಯಾದೆ ಉಳಿಸಲೆಂದು ಮದುವೆ ಮಾಡಿದರೋ ಅದೇ ಮೊದಲು ಹೋಗುತ್ತದೆ. ನಿಮ್ಮ ಮಗ ಹುಡುಗಿ ನೋಡುವ ಹಂತದಲ್ಲೇ ಬಾಯಿಬಿಟ್ಟು ಒಬ್ಬ ಹೆಣ್ಣುಮಗಳ ಬದುಕನ್ನು ಉಳಿಸಿದ್ದಾನೆ. ಅದು ನೀವು ಬೆಳೆಸಿದ ಗುಣವೇ.

ಯಜಮಾನರ ಮೌನದ ಬಗ್ಗೆ ನೀವು ಬರೆದದ್ದರಲ್ಲಿ ಅವರು ಒಳಗೆ ಬಂದು ‘ಊಟ ಆಯ್ತಂತಾ’ ಎಂದು ಕೇಳುವ ಮಾತನ್ನು ಹಿಡಿದುಕೊಳ್ಳಿ. ಮಗನನ್ನು ಕಡಿದುಕೊಂಡ ತಂದೆ ಅವನ ಊಟದ ವಿಚಾರ ಕೇಳುವುದಿಲ್ಲ. ಅವರ ತಲೆಮಾರಿನ ಗಂಡಸರಿಗೆ ಮಗನೊಡನೆ ಅಂಕ, ಸಂಬಳ, ಸೈಟಿನ ಬಗ್ಗೆ ಮಾತನಾಡುವ ರೂಢಿಯಿತ್ತೇ ಹೊರತು ಪ್ರೀತಿಯ ವಿಚಾರ ಆಡುವ ರೂಢಿಯೇ ಇರಲಿಲ್ಲ. ಮಗ ಹುಡುಗಿಯನ್ನೇ ಪ್ರೀತಿಸಿ ಬಂದಿದ್ದರೂ ಅವರು ಜಗುಲಿಗೆ ಎದ್ದು ಹೋಗುತ್ತಿದ್ದರೇನೋ. ಒಪ್ಪಿಕೊಳ್ಳಿ ಎಂದು ಅವರನ್ನು ಪೀಡಿಸಬೇಡಿ. ತೆಂಗಿನ ತೋಟದ ಲೆಕ್ಕವೋ ಬ್ಯಾಂಕಿನ ಕೆಲಸವೋ, ಮಗನನ್ನೇ ಕೇಳಬೇಕಾದ ಒಂದು ವಿಷಯ ಬಂದಾಗ ಫೋನನ್ನು ಅವರ ಕೈಗೇ ಕೊಡಿ.

ಅತ್ತೆಯವರಿಗೆ ಎಲ್ಲವನ್ನೂ ವಿವರಿಸಲೇಬೇಕು ಎಂಬ ಕಟ್ಟುಪಾಡೇನೂ ಇಲ್ಲ. ಅವನಿಗೆ ಮದುವೆ ಇಷ್ಟವಿಲ್ಲವಂತೆ, ನಾವು ಒತ್ತಾಯಿಸುವುದಿಲ್ಲ ಎಂದಷ್ಟೇ ಹೇಳಿದರೂ ಸುಳ್ಳಾಗದು. ಮುಂದಿನದನ್ನು ಮೊಮ್ಮಗನೇ ತೀರ್ಮಾನಿಸಲಿ. ಅಜ್ಜಿಯರ ಬಗ್ಗೆ ನಾವು ಇಟ್ಟುಕೊಂಡಿರುವ ಅಂದಾಜು ಅನೇಕ ಸಲ ತಪ್ಪುತ್ತದೆ. ಮನೆಯ ಮಾನವನ್ನು ಹೊತ್ತು ತಿರುಗುವ ನಡುವಿನ ತಲೆಮಾರಿಗಿಂತ, ಆ ಭಾರ ಇಳಿಸಿ ಕುಳಿತ ಹಿರಿಯರು ಬೇಗ ಒಪ್ಪಿದ ಮನೆಗಳ ಪತ್ರಗಳೂ ಈ ಅಂಕಣಕ್ಕೆ ಬಂದಿವೆ.

ನೀವು ಒಬ್ಬರೇ ಅಲ್ಲ ಎಂಬುದಕ್ಕೆ ಒಂದು ಮಾತು. ಸಲಿಂಗ ಸಂಬಂಧ ಅಪರಾಧವಲ್ಲವೆಂದು ದೆಹಲಿ ಹೈಕೋರ್ಟ್ 2009ರಲ್ಲಿ ನೀಡಿದ (ಮುಂದೆ ರದ್ದಾದ) ತೀರ್ಪನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದಾಗ, ಆ ತೀರ್ಪನ್ನು ಉಳಿಸಿಕೊಡಿ ಎಂದು ಮಿನ್ನಾ ಸರನ್ ಮತ್ತಿತರ ಹೆತ್ತವರು ತಮ್ಮ ಹೆಸರಿನಲ್ಲೇ ಅರ್ಜಿ ಹಾಕಿದ್ದರು. 2023ರಲ್ಲಿ ವಿವಾಹದ ಮೊಕದ್ದಮೆ ನಡೆಯುತ್ತಿದ್ದಾಗ ‘ಸ್ವೀಕಾರ್’ ಎಂಬ ಪೋಷಕರ ಬಳಗದ ನಾನೂರಕ್ಕೂ ಹೆಚ್ಚು ತಂದೆ-ತಾಯಂದಿರು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ತಮಗೆ ವಯಸ್ಸಾಗುತ್ತಿದೆ, ಕೆಲವರು ಎಂಬತ್ತರ ಹತ್ತಿರವಿದ್ದೇವೆ, ಕಣ್ಣು ಮುಚ್ಚುವ ಮೊದಲು ಮಕ್ಕಳ ಮದುವೆಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದನ್ನು ನೋಡಬೇಕು ಎಂಬುದು ಅದರ ಸಾರ. ಮೊಮ್ಮಗನ ಮದುವೆ ನೋಡಬೇಕೆನ್ನುವ ನಿಮ್ಮ ಅತ್ತೆಯವರ ಹಂಬಲವೂ ಇದೇ ಜಾತಿಯದು.

ಪ್ರಶ್ನೆ: ನನಗೆ 25 ವರ್ಷ, ನಿಶ್ಚಿತಾರ್ಥವಾಗಿದೆ. ಅಣ್ಣ ಗೇ ಎಂಬುದು ಮನೆಯಲ್ಲಿ ಗೊತ್ತು, ಅವನನ್ನು ಮೊದಲು ಬೆಂಬಲಿಸಿದವಳು ನಾನೇ. ಈಗ ಅವನು ನನ್ನ ಮದುವೆಗೆ ತನ್ನ ಸಂಗಾತಿಯನ್ನೂ ಕರೆತರುತ್ತೇನೆ ಎನ್ನುತ್ತಿದ್ದಾನೆ. ಹುಡುಗನ ಕಡೆಯವರಿಗೆ ತಿಳಿದರೆ ಏನಾಗುವುದೋ ಎಂದು ಭಯ. ಬೇಡವೆಂದು ಹೇಳಿದರೆ ನಾನು ಇಷ್ಟು ದಿನ ಆಡಿದ್ದೆಲ್ಲ ಬೂಟಾಟಿಕೆಯೇ?
— ಒಬ್ಬ ತಂಗಿ, ತುಮಕೂರು

ಉತ್ತರ: ಬೂಟಾಟಿಕೆ ಎನ್ನುವಷ್ಟು ದೂರ ಹೋಗಬೇಕಿಲ್ಲ, ಆದರೆ ಪ್ರಶ್ನೆ ಸರಿಯಾದದ್ದೇ. ನಿಮ್ಮ ಓರಗೆಯವರಲ್ಲಿ ಬಹಳ ಜನರಿಗೆ ಇದು ಅಭಿಪ್ರಾಯವಾಗಿ ಸುಲಭ. ಸ್ಟೇಟಸ್‌ನಲ್ಲಿ ಕಾಮನಬಿಲ್ಲಿನ ಬಾವುಟ ಹಾಕಲು ಖರ್ಚೇನೂ ಇಲ್ಲ; ತಮ್ಮ ಮದುವೆ, ತಮ್ಮ ಬೀಗರು, ತಮ್ಮ ಬಾಡಿಗೆಮನೆಯ ಮಾಲೀಕರು ಎಂದು ಬಂದಾಗ ಮಾತ್ರ ನಿಜವಾದ ಬೆಲೆ ಕಟ್ಟಬೇಕಾಗುತ್ತದೆ. ಹಿರಿಯರು ‘ನಾಲ್ಕು ಜನ ಏನಂದಾರು’ ಎಂದರೆ ನಾವು ನಗುತ್ತೇವೆ, ಆದರೆ ಆ ನಾಲ್ಕು ಜನ ನಮ್ಮ ಛತ್ರದ ಬಾಗಿಲಿಗೂ ಬಂದು ನಿಲ್ಲುತ್ತಾರೆ.

ಅಣ್ಣನಿಗೆ ಉತ್ತರ ಕೊಡುವ ಮೊದಲು, ನೀವು ಮದುವೆಯಾಗಲಿರುವ ಹುಡುಗನಿಗೆ ವಿಷಯ ತಿಳಿಸಬೇಕು. ಅಣ್ಣನ ಒಪ್ಪಿಗೆ ಕೇಳಿ ತಿಳಿಸಿ, ಏಕೆಂದರೆ ಗುಟ್ಟು ಅವನದು. ಈ ಒಂದು ವಿಷಯಕ್ಕೆ ಸಂಬಂಧ ಮುರಿಯುವವನಾದರೆ ಅದು ಮದುವೆಗೆ ಮೊದಲೇ ತಿಳಿಯುವುದು ನಿಮಗೇ ಒಳ್ಳೆಯದು. ಅವನು ಒಪ್ಪಿದರೆ, ಅತ್ತೆ-ಮಾವಂದಿರಿಗೆ ಯಾವಾಗ, ಎಷ್ಟು ಹೇಳಬೇಕೆಂಬುದನ್ನು ಅವನಿಗೇ ಬಿಡಿ. ತನ್ನ ಮನೆಯವರ ಸ್ವಭಾವ ಅವನಿಗೆ ಗೊತ್ತು. ಇನ್ನು ಅಣ್ಣನ ಸಂಗಾತಿ ಮದುವೆಗೆ ಬಂದರೆ ಆಗುವುದಾದರೂ ಏನು? ಅಕ್ಷತೆ ಹಾಕಿ, ಪಂಕ್ತಿಯಲ್ಲಿ ಉಂಡು, ಫೋಟೋಕ್ಕೆ ನಿಂತು ಹೋಗುತ್ತಾರೆ. ಇಬ್ಬರು ಗಂಡಸರು ಜೊತೆಯಾಗಿ ಬಂದರೆಂದು ನಮ್ಮ ಛತ್ರಗಳಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅವರನ್ನು ಎಲ್ಲರೆದುರು ಹೇಗೆ ಪರಿಚಯಿಸಬೇಕೆಂದು ನೀವು ಮೂವರು ಮೊದಲೇ ಕುಳಿತು ಮಾತನಾಡಿಕೊಳ್ಳಿ. ಬರಬೇಡ ಎಂದರೆ ಮಾತ್ರ, ಆ ದಿನದ ಆಲ್ಬಮ್ ತೆರೆದಾಗಲೆಲ್ಲ ಅಣ್ಣನಿಗೆ ಅದೇ ನೆನಪಾಗುತ್ತದೆ.

ಪ್ರಶ್ನೆ: ಸಲಿಂಗ ಸಂಬಂಧ ಈಗ ಅಪರಾಧ ಹೌದೋ ಅಲ್ಲವೋ? ಮದುವೆಗೆ ಮಾನ್ಯತೆ ಇದೆಯೇ?
— ಓದುಗರು, ಬಳ್ಳಾರಿ

ಉತ್ತರ: ಅಪರಾಧವಲ್ಲ. ವಯಸ್ಕರಿಬ್ಬರು ಒಪ್ಪಿ ಇಟ್ಟುಕೊಂಡ ಸಂಬಂಧ ಅಪರಾಧವಾಗದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು ಒಮ್ಮತದಿಂದ ತೀರ್ಪು ನೀಡಿತು. ಇಷ್ಟು ತಡವಾದದ್ದಕ್ಕೆ ಇತಿಹಾಸವು ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಮದುವೆಗೆ ಮಾತ್ರ ಮಾನ್ಯತೆ ಇಲ್ಲ. ವಿಶೇಷ ವಿವಾಹ ಕಾಯ್ದೆಯಡಿ ಅವಕಾಶ ಕೋರಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ, ಅದು ಶಾಸನಸಭೆಯ ಕೆಲಸವೆಂದಿತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ಪ್ರಶ್ನೆ: ನಾವಿಬ್ಬರು ಹೆಂಗಸರು, 58 ಮತ್ತು 54 ವರ್ಷ. ಬಹಳ ವರ್ಷಗಳಿಂದ ಒಟ್ಟಿಗೇ ಇದ್ದೇವೆ. ಇಬ್ಬರೂ ಸಂಬಳದವರು, ಸಾಲ ಮಾಡಿ ಜಂಟಿ ಹೆಸರಿನಲ್ಲಿ ಮನೆ ಕಟ್ಟಿದ್ದೇವೆ. ಬೀದಿಯವರು ನಮ್ಮನ್ನು ದೂರದ ಅಕ್ಕತಂಗಿಯರೆಂದು ತಿಳಿದಿದ್ದಾರೆ, ನಾವೂ ತಿದ್ದಲು ಹೋಗಿಲ್ಲ. ನಮ್ಮ ಪರಿಚಯದ ಹುಡುಗಿಯರು, ನೀವು ಹೀಗೆ ಅಡಗಿ ಬಾಳಿದ್ದರಿಂದಲೇ ನಮಗೆ ಕಷ್ಟ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆಯೇ? ಮತ್ತು ನಮ್ಮಲ್ಲೊಬ್ಬರು ಹೋದರೆ ಇನ್ನೊಬ್ಬರ ಗತಿಯೇನು?
— ಇಬ್ಬರು, ಮೈಸೂರು

ಉತ್ತರ: ಹುಡುಗಿಯರ ಮಾತು ನನಗೆ ಒಪ್ಪಿಗೆಯಿಲ್ಲ. ಮದುವೆಯಾಗದ ಹೆಣ್ಣಿಗೆ ಮನೆ ಬಾಡಿಗೆಗೆ ಸಿಗುವುದೇ ದುಸ್ತರವಾಗಿದ್ದ ಕಾಲದಲ್ಲಿ ಇಬ್ಬರು ಹೆಂಗಸರು ಒಂದು ಮನೆ ಕಟ್ಟಿ ನಿಂತದ್ದು ಸಣ್ಣ ಕೆಲಸವಲ್ಲ. ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪರವಾಗಿ ‘ಸಂಗಮ’ ಸಂಸ್ಥೆ ಹುಟ್ಟಿದ್ದು 1999ರಲ್ಲಿ, ಅಲ್ಲಿ ಮೊದಲ ಹೆಮ್ಮೆಯ ಮೆರವಣಿಗೆ (ಪ್ರೈಡ್) ನಡೆದದ್ದು 2008ರಲ್ಲಿ. ಅದಕ್ಕೂ ಮೊದಲು ಜೊತೆಯಾದವರು ಯಾರನ್ನು ನೋಡಿ ಕಲಿಯಬೇಕಿತ್ತು? ಆದರೆ ಈ ಮೌನದಿಂದ ಈಗ ಒಂದು ತೊಡಕು ಬಂದಿದೆ: ನಿಮ್ಮ ಸಂಬಂಧ ಯಾವ ಕಾಗದದಲ್ಲೂ ಇಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಹುಟ್ಟುತ್ತದೆ.

ನೀವಿಬ್ಬರೂ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವವರೆಂದು ಭಾವಿಸಿ ಬರೆಯುತ್ತಿದ್ದೇನೆ. ಮದುವೆಯಾಗದ, ಮಕ್ಕಳಿಲ್ಲದ ಹೆಣ್ಣುಮಗಳು ಉಯಿಲು ಬರೆಯದೆ ತೀರಿಕೊಂಡರೆ ಆಕೆಯ ಪಾಲು ತಂದೆ-ತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ, ಎಂದರೆ ಸಾಮಾನ್ಯವಾಗಿ ಒಡಹುಟ್ಟಿದವರಿಗೆ ಮತ್ತು ಅವರ ಮಕ್ಕಳಿಗೆ ಹೋಗುತ್ತದೆ. ಜಂಟಿ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಇಡೀ ಮನೆ ಉಳಿದವರಿಗೆ ಬರುವುದಿಲ್ಲ. ವರ್ಷಗಟ್ಟಲೆ ಹೊಸಿಲು ತುಳಿಯದ ಅಣ್ಣನ ಮಗ ಅರ್ಧ ಮನೆಯ ಒಡೆಯನಾಗಿ ಬಂದು ನಿಲ್ಲಬಹುದು. ಆದ್ದರಿಂದ ಇಬ್ಬರೂ ಪ್ರತ್ಯೇಕವಾಗಿ ಉಯಿಲು ಬರೆಯಿರಿ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ನಿಮ್ಮ ಸಂದರ್ಭದಲ್ಲಿ ತಕರಾರು ಬರುವ ಸಂಭವ ಹೆಚ್ಚಾದ್ದರಿಂದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ.

ಬ್ಯಾಂಕಿನ ವಿಷಯದಲ್ಲಿ ದಾರಿ ಸುಗಮವಾಗಿದೆ. ಸಲಿಂಗ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಪಡಿತರ ಚೀಟಿಗೆ ಇಬ್ಬರನ್ನೂ ಒಂದೇ ಮನೆಯವರೆಂದು ಪರಿಗಣಿಸಬೇಕೆಂಬ ಸೂಚನೆಯೂ ರಾಜ್ಯಗಳಿಗೆ ಹೋಗಿದೆ. ಆದರೆ ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು ಮಾತ್ರ, ಅದರ ಒಡೆತನ ವಾರಸುದಾರರದೇ ಎಂಬುದು ನ್ಯಾಯಾಲಯಗಳ ಸಾಮಾನ್ಯ ನಿಲುವು. ವಿಮೆಯಲ್ಲಿ ಹಣವನ್ನು ತನ್ನದಾಗಿಯೇ ಪಡೆಯುವ ನಾಮಿನಿಯ ಸ್ಥಾನವನ್ನು ಕಾನೂನು ತಂದೆ-ತಾಯಿ, ಗಂಡ-ಹೆಂಡತಿ, ಮಕ್ಕಳಿಗೆ ಮೀಸಲಿಟ್ಟಿದೆ. ಹೀಗಾಗಿ ಠೇವಣಿ, ವಿಮೆ, ಷೇರು ಎಲ್ಲವನ್ನೂ ಉಯಿಲಿನಲ್ಲಿ ಹೆಸರಿಸಿ. ಭವಿಷ್ಯ ನಿಧಿಯ ನಿಯಮಗಳಲ್ಲಿ ‘ಕುಟುಂಬ’ಕ್ಕೆ ಅದರದೇ ಅರ್ಥವಿದೆ, ಆದ್ದರಿಂದ ನಿಮ್ಮ ನಾಮನಿರ್ದೇಶನ ಊರ್ಜಿತವೇ ಎಂದು ಕಚೇರಿಯಲ್ಲಿ ಈಗಲೇ ಕೇಳಿ ತಿಳಿದುಕೊಳ್ಳಿ.

ಆಸ್ಪತ್ರೆಯ ಬಾಗಿಲಲ್ಲಿ ‘ನೀವು ಪೇಷಂಟಿಗೆ ಏನಾಗಬೇಕು?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ, ಆಗ ಅಕ್ಕತಂಗಿಯರೆಂಬ ಹಳೆಯ ಉತ್ತರಕ್ಕೆ ಆಧಾರ್ ಕಾರ್ಡು ಸಾಕ್ಷಿ ಹೇಳುವುದಿಲ್ಲ. ಇದಕ್ಕೆ ಪೂರ್ಣ ಪರಿಹಾರವನ್ನು ಕಾನೂನು ಇನ್ನೂ ಕೊಟ್ಟಿಲ್ಲ, ಭಾಗಶಃ ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಯಾವ ವಯಸ್ಕರನ್ನಾದರೂ, ಅವರು ನೆಂಟರಾಗದಿದ್ದರೂ, ಅವರ ಒಪ್ಪಿಗೆಯಿದ್ದರೆ ಮಾನಸಿಕ ಚಿಕಿತ್ಸೆಯ ವಿಷಯದಲ್ಲಿ ಪ್ರತಿನಿಧಿಯಾಗಿ ಹೆಸರಿಸಬಹುದು. ಚೇತರಿಸಿಕೊಳ್ಳುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ನಿರ್ದೇಶನವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯಮಾಡಿ 2023ರಲ್ಲಿ ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಅದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡು, ತೀರ್ಮಾನ ಹೇಳಬೇಕಾದವರೆಂದು ಪರಸ್ಪರರ ಹೆಸರು ಬರೆಯಿರಿ. ಅದರ ಪ್ರತಿಯನ್ನು ನಿಮ್ಮನ್ನು ನೋಡುವ ವೈದ್ಯರ ಬಳಿಯೂ ಇರಿಸಿ.

ಉಯಿಲಿಗೆ ಸಾಕ್ಷಿ ಹಾಕಲು ನಿಮ್ಮ ವಯಸ್ಸಿನ ಸ್ನೇಹಿತೆಯರನ್ನು ಕರೆಯಬೇಡಿ. ತಕರಾರು ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು, ನಮ್ಮೆದುರೇ ಸಹಿ ಆಯಿತು ಎಂದು ಹೇಳಬೇಕಾಗುತ್ತದೆ, ಅದು ಇನ್ನು ಇಪ್ಪತ್ತೈದು ವರ್ಷದ ಮೇಲೂ ಆಗಬಹುದು. ಅಡಗಿ ಬಾಳಿದಿರಿ ಎಂದ ಆ ಹುಡುಗಿಯರಲ್ಲೇ ಇಬ್ಬರನ್ನು ಕೇಳಿ.